ಮೊದಲನೇ ನಂಬರಿನ ಬಾಯಿ

ತಾರ್ನಾಕ, ಹೈದರಾಬಾದ್
12 ಜುಲೈ 2000

ಚಿ. ಸೌ. ಪಾರ್ವತಿಗೆ ಅಕ್ಕ ಗಂಗಾಬಾಯಿಯ ಆಶೀರ್ವಾದ.

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯದಿರಲು ಸಿಟ್ಟೇ ಕಾರಣವೆಂದು ನೀನು ತಿಳಿದಿದ್ದರೆ ಸರಿಯಾಗಿಯೇ ತಿಳಿದಿದ್ದೀ. ಸೇಡಮ್ಮಿನಲ್ಲಿ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಯಲ್ಲಿರಬಹುದು. ಆದರೂ ನೀನು ಬರುವುದಿಲ್ಲ. ಪತ್ರ ಯಾಕೆ, ಫೋನು ಮಾಡಿ ಬೈದುಬಿಡು ಎಂದು ಮಗ ನರಹರಿ ಹೇಳುತ್ತಾನೆ. ನಮ್ಮ ಫೋನು ಪಡಸಾಲೆಯ ನಡುಮಧ್ಯ ಇದೆ. ತಂಗಿಯನ್ನು ಬೈಯುವುದು ಸೊಸೆಗೆ ಕೇಳಿಸಬಾರದು.

ಇಲ್ಲಿ ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದಿದೆ. ಅಮೀರಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗೂ ಜಾಗ ಉಳಿದಿಲ್ಲ, ಬರೀ ಕಂಪ್ಯೂಟರ್ ಕ್ಲಾಸಿನ ಹೆಸರು. ನಮ್ಮ ಮೇಲಿನ ಮನೆಯ ಸಾವಿತ್ರಿಬಾಯಿ ನಿನಗೆ ನೆನಪಿರಬೇಕು, ಬೀದರ ಕಡೆಯವಳು. ಅವಳ ಮಗ ಸತೀಶನಿಗೆ ಹೋದ ವರ್ಷದವರೆಗೆ ಸೈಕಲ್ಲಿನ ಚೈನು ಹಾಕಲು ಬರುತ್ತಿರಲಿಲ್ಲ. ಈಗ ಹೈಟೆಕ್ ಸಿಟಿಯಲ್ಲಿ ಕೂತು ಅಮೆರಿಕದ ಬ್ಯಾಂಕು ನಡೆಸುತ್ತಾನಂತೆ. ಆಕೆ ಮೆಟ್ಟಿಲು ಇಳಿಯುವಾಗ ಬಳೆಯ ಸದ್ದಿಗಿಂತ ಮಗನ ಸಂಬಳದ ಸದ್ದು ಮೊದಲು ಬರುತ್ತದೆ. ಅಪಾರ್ಟ್‌ಮೆಂಟಿಗೂ ಶ್ರೀಮಂತಿಕೆ ತಲೆಗೇರಿದೆ. ವಾಚ್‌ಮನ್ ಹುಲಗೇಶ ಕಾಯುವ ಬದಲು ಮಲಗುತ್ತಾನೆಂದು ಇನ್ನೊಬ್ಬನನ್ನು ಇಟ್ಟರು. ಈಗ ಇಬ್ಬರೂ ಮಲಗುತ್ತಾರೆ. ಮೂರನೆಯವನನ್ನು ಹುಡುಕುತ್ತಿದ್ದಾರೆ.

ನನಗೆ ಹೇಳಿಕೊಳ್ಳಲು ಏನಿದೆ? ಮೊಮ್ಮಗಳು ಲಹರಿ ಎಲ್ಲ ಬಿಟ್ಟು ಬಾಯಿಯ ಕ್ಯಾನ್ಸರಿನಲ್ಲಿ ಒಂದು ಪ್ರೋಟೀನಿನ ಪಾತ್ರವೇನು ಎಂದು ಸಂಶೋಧನೆ ಮಾಡುತ್ತಿದ್ದಾಳೆ. ಆ ಪ್ರೋಟೀನಿಗೆ ಒಂದು ನೆಟ್ಟಗಿನ ಹೆಸರೂ ಇಲ್ಲ. ಸಿಟಿ ಬಸ್ಸಿನ ಹಾಗೆ ನಂಬರು, ಪಿ ಐವತ್ತಮೂರು. ಮೊನ್ನೆ ಸಾವಿತ್ರಿಬಾಯಿ ಮೆಟ್ಟಿಲ ಮೇಲೆ ನಿಲ್ಲಿಸಿ, "ಪ್ರೋಟೀನ್ ಅಂದ್ರ ಬ್ಯಾಳ್ಯಾಗ ಇರೋದಲ್ಲೇನ್ರಿ? ಅದನ್ನ ಹುಡುಕಲಿಕ್ಕೆ ಐದು ವರ್ಷ ಬೇಕೇನ್ರಿ?" ಎಂದು ಕೇಳಿದಳು.

"ನಿಮ್ಮ ಮನಿ ಸಾರಿನ್ಯಾಗ ಹುಡುಕಬೇಕಂದ್ರ ಹತ್ತು ವರ್ಷ ಬೇಕ್ರಿ" ಎಂದೆ. ಆದರೂ ಮನೆಗೆ ಬಂದು ಕೂತಾಗ ಬೇಸರವಾಯಿತು.

ಇನ್ನೊಂದು ವಿಷಯ. ನನ್ನ ಎಡಗಲ್ಲದ ಒಳಗೆ ಎಲೆ ಅಡಿಕೆಯ ಸುಣ್ಣ ಸುಟ್ಟು ಬಿಳಿ ಮಚ್ಚೆ ನಿಂತಿದೆ. ಖಾರ ತಿಂದರೆ ಉರಿಯುತ್ತದೆ. ಈ ಊರಿನ ಸುಣ್ಣವೇ ಸರಿ ಇಲ್ಲ. ನಮ್ಮ ಕಡೆಯ ಸುಣ್ಣ ಒಂದು ಡಬ್ಬಿ, ತಂಬಾಕು ಒಂದು ಪೊಟ್ಟಣ, ಯಾರಾದರೂ ಬರುವವರ ಕೈಯಲ್ಲಿ ಕಳಿಸು. ಮಚ್ಚೆಯ ಮಾತು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.

ನಿನ್ನ ಅಕ್ಕ
ಗಂಗಾಬಾಯಿ


ಸೇಡಂ
24 ಜುಲೈ 2000

ಗಂಗಕ್ಕನಿಗೆ ಪಾರ್ವತಿ ಮಾಡುವ ನಮಸ್ಕಾರಗಳು.

ಬೈಗುಳ ತಲುಪಿತು, ಸಂತೋಷವಾಯಿತು. ನಮ್ಮವರಿಗೆ ಮಂಡಿನೋವು, ಎಮ್ಮೆ ಗಬ್ಬ, ಬಿಟ್ಟು ಬರಲಾಗುತ್ತಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಕೊಡುತ್ತದೆ ಎಂದು ಬರೆಯುವುದಿಲ್ಲ, ಈ ಪತ್ರ ಅವರೇ ಅಂಚೆಗೆ ಹಾಕುತ್ತಾರೆ.

ಸುಣ್ಣದ ಡಬ್ಬಿ ಕಳಿಸಿದ್ದೇನೆ. ತಂಬಾಕು ಕಳಿಸಿಲ್ಲ. ನಾನು ಬಿಟ್ಟ ಮೇಲೆ ನಮ್ಮ ಮನೆಗೆ ಅದನ್ನು ತರುವವರಿಲ್ಲ. ಸುಣ್ಣ ಸುಟ್ಟರೆ ನಾಲ್ಕು ದಿನಕ್ಕೆ ಮಾಯುತ್ತದೆ ಅಕ್ಕಾ. ನೀನು ಯುಗಾದಿಯಲ್ಲಿ ಬರೆದ ಪತ್ರದಲ್ಲಿಯೂ ಈ ಮಚ್ಚೆ ಇತ್ತು. ಬಾಯಿಯ ರೋಗ ಓದುವ ಹುಡುಗಿ ಮನೆಯಲ್ಲೇ ಇದ್ದಾಳೆ. ನೀರು ತುಂಬಿದ ಕೊಡ ಪಕ್ಕದಲ್ಲಿಟ್ಟುಕೊಂಡು ನೀನು ನನಗೆ ಬಾಯಾರಿಕೆಯ ಸುದ್ದಿ ಬರೆಯುತ್ತೀ.

ನಿನ್ನ
ಪಾರ್ವತಿ


ತಾರ್ನಾಕ
19 ಆಗಸ್ಟ್ 2000

ಚಿ. ಸೌ. ಪಾರ್ವತಿಗೆ,

ನಿನ್ನ ಉಪದೇಶ ಓದಿದೆ. ಅದನ್ನು ಬದಿಗಿಟ್ಟು ನಿನ್ನೆ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳು. ಇಂಥ ಶ್ರಾವಣ ಶುಕ್ರವಾರವನ್ನು ಈ ಹೈದರಾಬಾದು ಕಂಡಿಲ್ಲ.

ಹದಿನೈದು ದಿನದ ಹಿಂದೆ ಊಟಕ್ಕೆ ಕೂತಾಗ ಲಹರಿಯ ಮುಖ ಬಾಡಿತ್ತು. ಆಸ್ಪತ್ರೆಯಿಂದ ರೋಗದ ಬಾಯಿಗಳು ಸಿಗುತ್ತವೆ, ಆದರೆ ತಂಬಾಕು ಹಾಕುವ, ಇನ್ನೂ ಆಸ್ಪತ್ರೆಯ ಮುಖ ನೋಡದ ಹೆಂಗಸರ ಬಾಯಿಗಳು ಸಿಗುವುದಿಲ್ಲವಂತೆ. ಕೇಳಿದರೆ ಎಲ್ಲರೂ ನಾವು ಹಾಕುವುದೇ ಇಲ್ಲ ಎನ್ನುತ್ತಾರಂತೆ. ನನಗೆ ನಗು ಬಂತು. ಈ ಕಡೆಯ ಕನ್ನಡದ ಹೆಂಗಸರಲ್ಲಿ ಯಾರ ಸೀರೆಯ ಮಡಿಕೆಯಲ್ಲಿ ತಂಬಾಕಿದೆ ಎಂದು ನನಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು? ನಾನು ತಂದು ಕೂಡಿಸುತ್ತೇನೆ, ನೀನು ನಿನ್ನ ಸಾಮಾನು ತಾ ಎಂದೆ.

ಅರಿಶಿನ ಕುಂಕುಮಕ್ಕೆ ಕರೆದೆ. ಕರೆದರೆ ಬಾರದಿರಲು ಯಾರಿಗೆ ಧೈರ್ಯವಿದೆ? ಕುಂಕುಮ ಕೊಡುವುದು, ಉಡಿ ತುಂಬುವುದು ಸೊಸೆ ಉಷಾಳ ಪಾಲು. ಬಾಗಿಲಲ್ಲಿ ನಿಲ್ಲುವುದು ನನ್ನ ಪಾಲು. ಲಹರಿ ತನ್ನ ಶಿಸ್ತು ಹೇಳಿದಳು. ಮೊದಲು ಬಾಯಿ ಮುಕ್ಕಳಿಸಬೇಕು, ಏನೂ ತಿಂದಿರಬಾರದು, ಯಾತಕ್ಕೆ ಎಂದು ಪ್ರತಿಯೊಬ್ಬರಿಗೂ ತಿಳಿಸಿ ಒಪ್ಪಿದವರಿಂದ ಮಾತ್ರ ಸಹಿ ತೆಗೆದುಕೊಂಡು, ಸಣ್ಣ ಬ್ರಶ್ಶಿನಿಂದ ಗಲ್ಲದ ಒಳಗೆ ತಿಕ್ಕಿ ಗಾಜಿಗೆ ಹಚ್ಚಬೇಕು. ಯಾರನ್ನೂ ಒತ್ತಾಯ ಮಾಡಬಾರದು ಎಂದು ನನಗೆ ನಾಲ್ಕು ಸಲ ಹೇಳಿದಳು. ನಾನು ಯಾರನ್ನೂ ಒತ್ತಾಯ ಮಾಡಲಿಲ್ಲ. ಬಾಗಿಲಿಗೆ ಚಿಲಕ ಹಾಕಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ, ಅಷ್ಟೆ. ಅದನ್ನು ಕಂಡು ಲಹರಿ ಸಹಿ ಪುಸ್ತಕ ಮುಚ್ಚಿಬಿಟ್ಟಳು. ಚಿಲಕ ತೆಗೆದ ಮೇಲೆಯೇ ತೆರೆದಳು.

ಆದರೂ ಯಾರೂ ಹೋಗಲಿಲ್ಲ, ಉಸುಳಿಯ ಒಗ್ಗರಣೆ ಬಿದ್ದಿತ್ತು. ಸಾವಿತ್ರಿಬಾಯಿ ತಾನು ತಂಬಾಕು ಮುಟ್ಟಿದವಳೇ ಅಲ್ಲವೆಂದು ಮೂಲೆಯಲ್ಲಿ ಕೂತಳು. ಉಳಿದವರೆಲ್ಲ ಸಾಲಾಗಿ ನಿಂತು ಬಾಯಿ ತೆರೆಯುವುದನ್ನು ನೋಡಿ ಅವಳಿಗೆ ತಡೆಯಲಿಲ್ಲ. "ನಂದೂ ತೊಗೊಳ್ಳವ್ವ, ಹಲ್ಲು ನೋವಿಗೆ ಒಮ್ಮೊಮ್ಮೆ ಹಾಕ್ತಿರ್ತೀನಿ" ಎಂದು ಬಂದಳು. ಅವಳಿಗೆ ಏಳನೇ ನಂಬರು. ಪಕ್ಕದ ಮನೆಯ ತೆಲುಗಿನಾಕೆ ಇದೂ ನಮ್ಮ ಕನ್ನಡದವರ ಒಂದು ವ್ರತವೆಂದು ತಿಳಿದು, ಕೈಮುಗಿದು ಬಾಯಿ ತೆರೆದಳು. ಲಹರಿ ಎರಡೆರಡು ಸಲ ತಿಳಿಸಿ ಹೇಳಿದ ಮೇಲೂ, ಇದರ ಉದ್ಯಾಪನೆ ಯಾವಾಗ ಎಂದು ಉಷಾಳನ್ನು ಕೇಳಿದಳಂತೆ.

ಕುಂಕುಮದ ಸಾಲಿನಲ್ಲಿ ನನಗೆ ಜಾಗವಿಲ್ಲದೆ ವರ್ಷಗಳೇ ಆದವು, ನಿನಗೆ ಗೊತ್ತಿದೆ. ಬ್ರಶ್ಶಿನ ಸಾಲಿನಲ್ಲಿ ಆ ನಿಯಮವಿಲ್ಲ. ಮನೆಯ ಹಿರಿಯಳು ನಾನು, ಒಂದನೇ ನಂಬರು ನನ್ನದೇ ಆಗಬೇಕೆಂದು ಹೇಳಿ ಬರೆಸಿಕೊಂಡೆ.

ಲಹರಿ ಎಲ್ಲರ ಬಾಯಿಗಿಂತ ನನ್ನ ಬಾಯಿಯನ್ನೇ ಹೆಚ್ಚು ಹೊತ್ತು ಬ್ಯಾಟರಿ ಬಿಟ್ಟು ನೋಡಿದಳು. "ಆಯಿ, ಇದು ಎಷ್ಟು ದಿನದಿಂದ ಅದ?" ಎಂದಳು. ಯಾವುದು ಎಂದೆ. ಹಿಂದೆ ಜನ ನಿಂತಿದ್ದರು, ಬ್ಯಾಟರಿ ಆರಿಸಿ ಬ್ರಶ್ಶು ತೆಗೆದುಕೊಂಡಳು. ಆಮೇಲೆ ಆಸ್ಪತ್ರೆಗೆ ಹೋಗೋಣ ಎಂದು ಸೆರಗು ಹಿಡಿದು ಸುತ್ತಿದಳು. ಗೌರಿ ಗಣಪತಿ ಮುಗಿಯಲಿ ಎಂದಿದ್ದೇನೆ. ಹುಡುಗಿಗೆ ಕಲಿಯುವ ಆಸಕ್ತಿ ಬಹಳ.

ಗಂಗಾಬಾಯಿ


ತಾರ್ನಾಕ
25 ಸೆಪ್ಟೆಂಬರ್ 2000

ಚಿ. ಸೌ. ಪಾರ್ವತಿಗೆ ಆಶೀರ್ವಾದ.

ಹೋದ ತಿಂಗಳ ಮಳೆಗೆ ಅರ್ಧ ಊರು ಮುಳುಗಿತ್ತು. ನಿನ್ನ ಪತ್ರವೇನಾದರೂ ಇದ್ದರೆ ಮೂಸಿ ನದಿಯಲ್ಲಿ ಹೋಗಿರಬೇಕು. ಹೋದರೆ ಹೋಗಲಿ. ನಾನು ಬರೆಯುವ ಸುದ್ದಿ ದೊಡ್ಡದು.

ಮೊನ್ನೆ ಲಹರಿ ಊಟದ ಡಬ್ಬಿ ಮರೆತು ಹೋದಳು. ಆಟೋ ಹಿಡಿದು ನಾನೇ ಅವಳ ಪ್ರಯೋಗಶಾಲೆಗೆ ಒಯ್ದೆ. ಅವಳು ಎಲ್ಲಿಯೋ ಹೊರಗೆ ಹೋಗಿದ್ದಳು. ಅವಳ ಜೊತೆ ಕೆಲಸ ಮಾಡುವ ಚಿನ್ಮಯಿ ಎಂಬ ಧಾರವಾಡದ ಹುಡುಗಿ ಇದ್ದಳು. ಬಂದವಳು ಸುಮ್ಮನೆ ಕೂಡುವುದು ಹೇಗೆ? ಕಣ ನೋಡುವ ದುರ್ಬೀನು ತೋರಿಸು ಎಂದೆ. ಹೈಸ್ಕೂಲಿನಲ್ಲಿ ಒಂದೇ ಸಲ ಈರುಳ್ಳಿಯ ಸಿಪ್ಪೆ ನೋಡಿದ್ದೆ. ಆಗಲೂ ಮಾಸ್ತರು ಮೊದಲು ನನ್ನನ್ನೇ ಕರೆದಿದ್ದರು.

ಗಾಜಿನ ಮೇಲೆ ಬಾಯಿಯ ಕಣಗಳು ನೀಲಿಯಾಗಿ ಕಾಣುತ್ತವೆ. ಪಿ ಐವತ್ತಮೂರು ಪ್ರೋಟೀನು ಎಲ್ಲಿ ತುಂಬಿದೆಯೋ ಅಲ್ಲಿ ಕಂದು ಚುಕ್ಕೆ. ಕಂದು ಹೆಚ್ಚಾದಷ್ಟೂ ಪ್ರೋಟೀನು ಹೆಚ್ಚು ಎಂದು ಆ ಹುಡುಗಿ ಹೇಳಿದಳು. ಗಾಜುಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ನಾಲ್ಕನೆಯದರಲ್ಲಿ ಒಂದು ಚುಕ್ಕೆಯೂ ಇಲ್ಲ. ಏಳನೆಯದರಲ್ಲಿ ಹುಡುಕಿದರೆ ಎರಡು. ಒಂದನೆಯದನ್ನು ಇಟ್ಟಳು ನೋಡು ಪಾರ್ವತಿ, ಸಾಸಿವೆ ಡಬ್ಬಿ ಚೆಲ್ಲಿದ ಹಾಗೆ ಕಂದೋ ಕಂದು.

"ಅದು ನನ್ನ ಬಾಯವ್ವಾ" ಎಂದೆ.

ಆ ಹುಡುಗಿ ಎದ್ದು ನಿಂತಳು. ನನಗೆ ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ನಾನು ಹೊರಟಾಗ ಕೈಹಿಡಿದು ಗೇಟಿನವರೆಗೆ ಬಂದು ಆಟೋ ಹತ್ತಿಸಿದಳು. ಹಿರಿಯರಿಗೆ ಇಷ್ಟು ಮರ್ಯಾದೆ ಕೊಡುವ ಮಕ್ಕಳನ್ನು ಈ ಕಾಲದಲ್ಲಿ ನಾನು ನೋಡಿಲ್ಲ.

ಇದೆಲ್ಲ ನಮ್ಮ ಕಡೆಯ ತೊಗರಿಬೇಳೆಯ ಪ್ರತಾಪ. ಹುಟ್ಟಿದಾಗಿನಿಂದ ಎರಡು ಹೊತ್ತು ತಿಂದಿದ್ದೇನೆ, ಎಲ್ಲಿಗೆ ಹೋಗುತ್ತದೆ? ಸಾವಿತ್ರಿಬಾಯಿ ಮೆಟ್ಟಿಲ ಮೇಲೆ ಸಿಕ್ಕಳು. "ನಿಮ್ಮವು ಎರಡೇ ಚುಕ್ಕಿ ಅವ, ಊಟ ಸರಿ ಮಾಡ್ರಿ" ಎಂದೆ. ಅವಳ ಮುಖ ಸಣ್ಣದಾಯಿತು. ಮರುದಿನ ಉಷಾಳಿಗೆ ಹೇಳಿ ಹೋಳಿಗೆ ಮಾಡಿಸಿ ಇಡೀ ಅಪಾರ್ಟ್‌ಮೆಂಟಿಗೆ ಹಂಚಿಸಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಗಂಗಾಬಾಯಿ ಪರೀಕ್ಷೆಯಲ್ಲಿ ಮೊದಲ ನಂಬರು ಬಂದಿದ್ದಾಳೆ ಎಂದು ಹೇಳಿಸಿದೆ.

ಲಹರಿ ಮಾತ್ರ ವಿಚಿತ್ರವಾಗಿದ್ದಾಳೆ. ಹೋಳಿಗೆಯ ಕಾರಣ ಕೇಳಿ ಅಡುಗೆಮನೆಯಲ್ಲಿಯೇ ಕೂತು ಅತ್ತಳು. ಸ್ವಂತ ಅಜ್ಜಿಗೆ ಮೊದಲ ನಂಬರು ಕೊಟ್ಟಿದ್ದಾಳೆಂದು ಅವಳ ಗುರುಗಳು ಆಡಿಕೊಳ್ಳಬಹುದು, ಅದಕ್ಕೆ ಹೆದರಿರಬೇಕು. ಅಪ್ಪ ಮಗಳು ಗುಸುಗುಸು ಮಾಡುತ್ತಾರೆ. ಆಸ್ಪತ್ರೆಗೆ ಬಾ ಎಂದು ಪ್ರಾಣ ತಿನ್ನುತ್ತಾರೆ. ನನ್ನನ್ನು ಡಾಕ್ಟರುಗಳಿಗೆ ತೋರಿಸಬೇಕಂತೆ. ನೋಡಬೇಕಾದವರು ಮನೆಗೆ ಬಂದು ನೋಡಲಿ, ಹೋಳಿಗೆ ಇನ್ನೂ ಉಳಿದಿದೆ ಎಂದೆ.

ಗಂಗಾಬಾಯಿ


ಸೇಡಂ
3 ಅಕ್ಟೋಬರ್ 2000

ಗಂಗಕ್ಕನ ಪಾದಗಳಿಗೆ ನಮಸ್ಕಾರ.

ಈ ಪತ್ರ ಕೂತು ಓದು. ಉಷಾ ಎದುರಿಗಿದ್ದರೆ ಆಮೇಲೆ ಓದು.

ನಿನ್ನ ಸುದ್ದಿ ಓದಿ ನಮ್ಮವರು ಸಕ್ಕರೆ ಹಂಚೋಣ ಎಂದರು. ನನಗೆ ಒಂದು ಯೋಚನೆ ಬಂತು. ಹುಡುಗಿ ಅಭ್ಯಾಸ ಮಾಡುವುದು ಕ್ಯಾನ್ಸರನ್ನು. ಆ ಕ್ಲಾಸಿನಲ್ಲಿ ಮೊದಲ ನಂಬರು ಬಂದರೆ ಹೋಳಿಗೆ ಹಂಚಬೇಕೋ ಬೇಡವೋ? ಬಸ್‌ಸ್ಟ್ಯಾಂಡಿನ ಎಸ್‌ಟಿಡಿಯಿಂದ ಲಹರಿಯ ಪ್ರಯೋಗಶಾಲೆಗೆ ಫೋನು ಮಾಡಿದೆ. ಪಾಪ, ನೀನು ಮಾತು ಮುಗಿಸಲು ಬಿಡುವುದಿಲ್ಲವೆಂದು ಎಲ್ಲವನ್ನೂ ನನಗೆ ಹೇಳಿದಳು. ನನಗೆ ತಿಳಿಯಲೆಂದು ನಿಮ್ಮ ಗೇಟಿನ ಉದಾಹರಣೆ ಕೊಟ್ಟಳು.

ಈ ಪಿ ಐವತ್ತಮೂರು ತಿನ್ನುವ ಪ್ರೋಟೀನು ಅಲ್ಲ. ಮೈಯ ಪ್ರತಿಯೊಂದು ಕಣದೊಳಗೂ ಇರುವ ಕಾವಲುಗಾರ. ಕಣ ಕೆಟ್ಟರೆ ಬೆಳೆಯಲು ಬಿಡದೆ ತಡೆಯುವುದು ಅವನ ಕೆಲಸ. ನೆಟ್ಟಗಿರುವ ಕಾವಲುಗಾರ ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ, ಅದಕ್ಕೇ ಗಾಜಿನಲ್ಲಿ ಕಾಣುವುದಿಲ್ಲ. ತಂಬಾಕು ಅವನನ್ನೇ ಕೆಡಿಸಿದರೆ ಅವನು ಕಾಯುವುದೂ ಇಲ್ಲ, ಹೋಗುವುದೂ ಇಲ್ಲ. ಹುಲಗೇಶನ ಪಕ್ಕದಲ್ಲಿ ಇನ್ನೊಬ್ಬ, ಅವನ ಪಕ್ಕದಲ್ಲಿ ಮತ್ತೊಬ್ಬ, ಎಲ್ಲರೂ ಗೇಟಿಗೆ ಅಡ್ಡ ಮಲಗಿರುತ್ತಾರೆ. ಆ ಗುಂಪೇ ಕಂದು ಬಣ್ಣ. ಸಾವಿತ್ರಿಬಾಯಿಯ ಗಲ್ಲದಲ್ಲಿ ಇಬ್ಬರು ಮಲಗಿದ್ದಾರೆ. ನಿನ್ನ ಬಾಯಿಯಲ್ಲಿ ಇಡೀ ಊರಿನ ವಾಚ್‌ಮನ್ನರು ಮಲಗಿದ್ದಾರೆ ಅಕ್ಕಾ.

ಇದು ಕ್ಯಾನ್ಸರ್ ಎಂದು ಲಹರಿ ಹೇಳಲಿಲ್ಲ. ಬ್ರಶ್ಶಿನಿಂದ ಅಷ್ಟು ಹೇಳಲು ಬರುವುದಿಲ್ಲವಂತೆ. ಆದರೆ ಆ ಬಿಳಿ ಮಚ್ಚೆಯಿಂದ ಸಣ್ಣ ತುಂಡು ತೆಗೆದು ನೋಡಲೇಬೇಕು. ಈಗ ಸಿಕ್ಕರೆ ಸಣ್ಣ ಕೆಲಸ. ತಡವಾದರೆ ಗಲ್ಲ, ದವಡೆ, ಮುಂದಿನದನ್ನು ನಾನು ಬರೆಯಲಾರೆ.

ಪಾರ್ವತಿ


ತಾರ್ನಾಕ
10 ಅಕ್ಟೋಬರ್ 2000

ಪಾರ್ವತಿಗೆ,

ನನ್ನ ಬೆನ್ನ ಹಿಂದೆ ನನ್ನ ಮೊಮ್ಮಗಳಿಗೆ ಫೋನು ಮಾಡುವ ಅಧಿಕಾರವನ್ನು ನಿನಗೆ ಯಾರು ಕೊಟ್ಟರು?

ನೀನು ಬರೆದೆಯೆಂದು ಆಸ್ಪತ್ರೆಗೂ ಹೋಗಿ ಬಂದೆ. ಲಹರಿ ಜೊತೆಗಿದ್ದಳು. ಬಸವರಾಜ ಎಂಬ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಬಾಯಿ ತೆಗೆಯಿರಿ ಎಂದ. ಸೆರಗು ಅಡ್ಡ ಹಿಡಿದು ತೆಗೆದೆ. ಸೆರಗು ಸರಿಸಿ ಇನ್ನೂ ಅಗಲ ತೆಗೆಯಿರಿ ಎಂದ. ಮಾವನವರಿದ್ದ ಮನೆಯಲ್ಲಿ ನಗುವಾಗಲೂ ಬಾಯಿಗೆ ಸೆರಗು ಇಟ್ಟುಕೊಂಡವಳು ನಾನು. ಎದ್ದು ಬಂದುಬಿಟ್ಟೆ. ಹೊರಗಿನ ಬೆಂಚಿನಲ್ಲಿ ಮಂಡಿ ತೋರಿಸಲು ಬಂದ ಸಾವಿತ್ರಿಬಾಯಿ ಕೂತಿದ್ದಳು. ಲಹರಿಗೆ ಶೀತ, ಅದಕ್ಕೆ ಬಂದಿದ್ದೇವೆ ಎಂದೆ.

ಹೋಳಿಗೆ ಹಂಚಿ ಆಗಿದೆ. ತಿಂದವರನ್ನು ಮರಳಿ ಕೇಳಲು ಆಗುವುದಿಲ್ಲ. ಮೊದಲ ನಂಬರು ಬಂದವಳು ಈಗ ಯಾವ ಮುಖದಿಂದ ಆಸ್ಪತ್ರೆಯಲ್ಲಿ ಮಲಗಲಿ?

ಈ ವಿಷಯ ಇಲ್ಲಿಗೆ ಮುಗಿಯಿತು. ನನ್ನ ತಂಬಾಕು ತೀರಿದೆ, ಉಷಾ ಕೋಠಿ ಬಜಾರಿನಿಂದ ತರುವುದಿಲ್ಲ ಎನ್ನುತ್ತಾಳೆ. ನೀನು ಕಳಿಸು.

ಗಂಗಾಬಾಯಿ


ಸೇಡಂ
20 ಅಕ್ಟೋಬರ್ 2000

ಅಕ್ಕಾ,

ತಂಬಾಕು ಕಳಿಸುವುದಿಲ್ಲ. ನನಗೇ ಸಾಲುವುದಿಲ್ಲ.

ಹೌದು, ಬಿಟ್ಟಿದ್ದೇನೆ ಎಂದು ನಿಮಗೆಲ್ಲ ಸುಳ್ಳು ಹೇಳಿದ್ದೆ. ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು ಹಾಕುತ್ತೇನೆ. ಎಮ್ಮೆಯ ನೆಪ ಮಾಡಿ ನಿನ್ನ ಮನೆಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ, ಅಲ್ಲಿ ಕೊಟ್ಟಿಗೆ ಇಲ್ಲ. ನಿನ್ನ ಪತ್ರ ಬಂದ ಮೇಲೆ ಕನ್ನಡಿ ಹಿಡಿದು ನೋಡಿಕೊಂಡೆ. ನನ್ನ ಬಲಗಲ್ಲದ ಒಳಗೂ ಬಿಳಿ ಮಚ್ಚೆ ಇದೆ. ಅವಲಕ್ಕಿಯ ಕಾಳಿನಷ್ಟು.

ಹೈದರಾಬಾದಿಗೆ ಬಂದು ತೋರಿಸಬೇಕೆಂದು ಮನಸ್ಸಾಯಿತು. ಆದರೆ ನಿನಗೆ ಗೊತ್ತಲ್ಲ, ನಿನಗಿಂತ ಮೊದಲು ನಾನು ಯಾವುದನ್ನೂ ಮಾಡಿದವಳಲ್ಲ. ಸಿಡುಬಿನ ದೇವಿ ಹಾಕುವವನು ಊರಿಗೆ ಬಂದಾಗ ಕಣಜದ ಹಿಂದೆ ಅಡಗಿದ್ದೆ. ನೀನು ತೋಳು ಚಾಚಿ, ಅಳದೆ ನಿಂತು, ಹಿಂದೆ ತಿರುಗಿ ನನ್ನ ಹೆಸರು ಕೂಗಿದ ಮೇಲೆಯೇ ಹೊರಗೆ ಬಂದೆ. ಮೂಗು ಚುಚ್ಚಿಸಿಕೊಂಡದ್ದೂ ಹಾಗೆಯೇ. ಈಗ ನೀನು ಮುಗಿಯಿತು ಎಂದು ಬರೆದಿದ್ದೀ. ಹಾಗಾದರೆ ನನ್ನದೂ ಮುಗಿಯಿತು. ಇದರಲ್ಲಿ ಹಟವೇನೂ ಇಲ್ಲ.

ದೀಪಾವಳಿಗೆ ಮಕ್ಕಳೆಲ್ಲರಿಗೂ ಆಶೀರ್ವಾದ.

ಪಾರ್ವತಿ


ತಾರ್ನಾಕ
4 ನವೆಂಬರ್ 2000

ಬುದ್ಧಿಗೇಡಿ ಪಾರ್ವತಿಗೆ,

ಕೊಟ್ಟಿಗೆಯಲ್ಲಿ ಬಚ್ಚಿಟ್ಟಿರುವುದನ್ನು ಈ ಪತ್ರ ಮುಟ್ಟಿದ ಕೂಡಲೇ ತಿಪ್ಪೆಗೆ ಎಸೆ. ನಿನ್ನ ಗಂಡನ ಕೈಯಿಂದ ಎಸೆಸು, ನಿನ್ನ ಮೇಲೆ ನಂಬಿಕೆಯಿಲ್ಲ. ಇಷ್ಟು ವಯಸ್ಸಾದ ಮೇಲೆ ಎಮ್ಮೆಯ ಎದುರು ಕೂತು ತಂಬಾಕು ತಿನ್ನುವುದಕ್ಕೆ ನಾಚಿಕೆಯಾಗಲಿಲ್ಲವೇ?

ನಾನು ಮತ್ತೆ ಆಸ್ಪತ್ರೆಗೆ ಹೋದೆ. ನನಗೇನಾದರೂ ಆಗಿದೆಯೆಂದಲ್ಲ, ನಿನಗೆ ದಾರಿಯಾಗಲಿ ಎಂದು. ಅದೇ ಬಸವರಾಜ ಡಾಕ್ಟರು. ಬ್ಯಾಟರಿ ಹಿಡಿದು ಕಾಯುತ್ತ ಕೂತ. ನಾನು ಸೆರಗು ಹಿಡಿದು ಕೂತೆ. ಸುಮ್ಮನಿರಬಾರದೆಂದು, ನಿಮ್ಮದು ಯಾವ ಊರು ಎಂದು ಕೇಳಿದೆ. ಹುಮನಾಬಾದು ಎಂದ.

"ನಿಮ್ಮ ತಾಯಿ ಎಲಿ ಅಡಿಕಿ ಹಾಕ್ತಾರೇನು?"

"ಹಾಕ್ತಿದ್ದರ್ರಿ ಅಮ್ಮಾರ" ಎಂದ.

‘ಹಾಕ್ತಾರ’ ಎನ್ನಲಿಲ್ಲ ನೋಡು. ಸೆರಗು ತೆಗೆದೆ.

ಸಣ್ಣ ತುಂಡು ತೆಗೆದು ಕಳಿಸಿದ್ದರು. ಉತ್ತರ ಬಂದಿದೆ. ಕ್ಯಾನ್ಸರ್ ಅಲ್ಲ, ಆದರೆ ಅದರ ದಾರಿ ಹಿಡಿದು ಸಾಕಷ್ಟು ದೂರ ನಡೆದಿದೆಯಂತೆ. ಮುಂದಿನ ವಾರ ಮಚ್ಚೆಯನ್ನು ಪೂರ್ತಿ ಕತ್ತರಿಸಿ ತೆಗೆಯುತ್ತಾರೆ. ಲಹರಿ ನನ್ನ ಎಲೆ ಅಡಿಕೆಯ ಚಂಚಿಯನ್ನು ಕೇಳಿದಳು. ಕೊಟ್ಟೆ. ಹಲ್ಲಿಲ್ಲದ ಹಾವಿನ ಹಾಗೆ ಎಲ್ಲರ ಮೇಲೆ ಬುಸುಗುಡುತ್ತಿದ್ದೇನೆ ಎಂದು ನರಹರಿ ಹೆಂಡತಿಗೆ ಹೇಳಿದ್ದು ಕೇಳಿಸಿತು.

ಸಂಕ್ರಾಂತಿಗೆ ಬಾ. ಬಾಯಿ ತೊಳೆದುಕೊಂಡು ಬಾ.

ಗಂಗಾಬಾಯಿ


ತಾರ್ನಾಕ
23 ನವೆಂಬರ್ 2000

ಪಾರ್ವತಿಗೆ ಆಶೀರ್ವಾದ.

ಕತ್ತರಿಸಿದ್ದಾಯಿತು. ಅಂಚುಗಳು ಚೊಕ್ಕಟವಾಗಿವೆಯಂತೆ, ಕೆಟ್ಟದ್ದೇನೂ ಒಳಗೆ ಉಳಿದಿಲ್ಲವಂತೆ. ಗಲ್ಲದಲ್ಲಿ ಹೊಲಿಗೆ ಇದೆ, ಮಾತಾಡಬಾರದು ಎಂದಿದ್ದಾರೆ. ಆಸ್ಪತ್ರೆಯವರು ಇದನ್ನು ಹೇಳಿದಾಗ ನರಹರಿ ಎರಡು ಸಲ ಕೇಳಿ ಖಾತರಿ ಮಾಡಿಕೊಂಡ.

ನನಗೆ ಸ್ಲೇಟು ಬಳಪ ಕೊಟ್ಟಿದ್ದಾರೆ. ಮೊದಲ ದಿನ ಉಷಾ ಸ್ಲೇಟು ಓದಿ ಹೇಳಿದ ಹಾಗೆ ಮಾಡಿದಳು. ಎರಡನೆಯ ದಿನ ದೂರದಿಂದ ಓದಿದಳು. ಈಗ, "ಅಕ್ಷರ ತಿಳಿಯವಲ್ಲವ್ರಿ ಅತ್ತಿ" ಎಂದು ಹೋಗಿಬಿಡುತ್ತಾಳೆ. ನನ್ನ ಅಕ್ಷರಕ್ಕೆ ಗುಲ್ಬರ್ಗಾದ ಹೈಸ್ಕೂಲಿನಲ್ಲಿ ಬಹುಮಾನ ಬಂದಿತ್ತು. ಸಾರಿಗೆ ಬೆಲ್ಲ ಹಾಕಬೇಡ ಎಂದು ಸ್ಲೇಟಿನ ತುಂಬ ಬರೆದೆ, ಹಾಕಿದಳು. ತಿಂದೆ. ರುಚಿಯಾಗಿತ್ತು. ಅದನ್ನು ಬರೆಯಲಿಲ್ಲ.

ಇದೆಲ್ಲ ಏನೂ ಅಲ್ಲ. ಸಾವಿತ್ರಿಬಾಯಿ ದಿನಾ ಗಂಜಿ ತರುತ್ತಾಳೆ. ಬಾಯಿ ತೆಗೆಯಲಾಗದ ನನ್ನೆದುರು ಕೂತು ಸತೀಶನ ಅಮೆರಿಕದ ಬ್ಯಾಂಕಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ. ಉತ್ತರ ಬರೆಯಲು ಬಳಪ ಹುಡುಕಿದೆ. ಅವಳೇ ಅದರ ಮೇಲೆ ಕೂತಿದ್ದಳು. ಮೊನ್ನೆ ಮಾತ್ರ ಕಥೆ ನಡುವೆ ನಿಲ್ಲಿಸಿ, ಲಹರಿಯ ಮುಂದೆ ಹೋಗಿ ಬಾಯಿ ತೆರೆದು ನಿಂತಳು. ತನ್ನ ಎರಡು ಚುಕ್ಕೆ ಹೆಚ್ಚಾಗಿವೆಯೋ ನೋಡಬೇಕಂತೆ. ತಂಬಾಕು ಬಿಟ್ಟಿದ್ದಾಳೆ. ಅವಳ ಗಂಜಿಗೆ ಉಪ್ಪು ಕಡಿಮೆ, ಆದರೆ ಬಿಸಿ ಇರುತ್ತದೆ.

ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು ಎಂದಿದ್ದಾರೆ. ನೀನು ಬರುವ ದಿನ ಬರೆ. ನಿನ್ನ ಮಚ್ಚೆ ಈಗ ಎಷ್ಟಿದೆ? ನನಗೆ ಇಲ್ಲಿ ಮಲಗಿ ಅದೇ ಯೋಚನೆ.

ಗಂಗಾಬಾಯಿ


ತಾರ್ನಾಕ
22 ಜನವರಿ 2001

ಸುಳ್ಳಿ ಪಾರ್ವತಿಗೆ,

ಸಂಕ್ರಾಂತಿಗೆ ಬಂದವಳು ಮರುದಿನವೇ ಎಮ್ಮೆ ಕರು ಹಾಕಿತೆಂದು ಓಡಿಹೋದೆಯಲ್ಲ, ಎಮ್ಮೆ ನಿನಗೆ ತಂತಿ ಕಳಿಸಿತ್ತೇ? ನಿಂತಿದ್ದರೆ ಎದುರಿಗೇ ಹೇಳುತ್ತಿದ್ದೆ. ಈಗ ಬರೆಯಬೇಕಾಗಿದೆ.

ಲಹರಿ ಬ್ಯಾಟರಿ ಬಿಟ್ಟಾಗ ನಾನು ಪಕ್ಕದಲ್ಲಿಯೇ ನಿಂತಿದ್ದೆ. ಬಲಗಲ್ಲದಲ್ಲಿ ಏನೂ ಇಲ್ಲ, ಕರುವಿನ ಬಾಯಿಯ ಹಾಗೆ ಕೆಂಪಗಿದೆ. "ಹಂಗಾದ್ರ ಎಡಕ್ಕ ಇರಬೇಕು ನೋಡವ್ವ" ಎಂದೆ ನೀನು. ಎಡದಲ್ಲಿಯೂ ಇಲ್ಲ. ಆಮೇಲೆ ನೀನು ನಮ್ಮ ಫ್ಯಾನನ್ನು ನೋಡುತ್ತ ಕೂತೆ. ಲಹರಿ ನಕ್ಕು ನಕ್ಕು ಬ್ಯಾಟರಿ ಕೆಳಗೆ ಬೀಳಿಸಿದಳು. ನೀನು ತಂಬಾಕು ಎಂದೋ ಬಿಟ್ಟದ್ದು ನಿಜ, ಕೊಟ್ಟಿಗೆಯ ಕಥೆಯೇ ಸುಳ್ಳು ಎಂದು ನಿನ್ನ ಹಲ್ಲೇ ಹೇಳುತ್ತದೆಯಂತೆ. ನಾನು ನಗಲಿಲ್ಲ. ಎರಡು ತಿಂಗಳು ನಿನ್ನ ಅವಲಕ್ಕಿ ಕಾಳಿನ ಚಿಂತೆಯಲ್ಲಿ ನನ್ನ ಹೊಲಿಗೆಯ ನೋವನ್ನೇ ಮರೆತಿದ್ದೆ. ಮುತ್ತೈದೆಯಾದವಳು ಹಬ್ಬದ ದಿನ ಅಕ್ಕನ ಮನೆಯಲ್ಲಿ ಕೂತು ಇಲ್ಲದ ರೋಗ ತೋರಿಸಲು ಬಾಯಿ ತೆರೆದದ್ದಕ್ಕೆ ಏನು ಶಿಕ್ಷೆ ಕೊಡಬೇಕೆಂದು ಬಹಳ ಯೋಚಿಸಿದೆ.

ಶಿಕ್ಷೆ ಇದು. ನಿನ್ನ ಬಾಯಿಯಲ್ಲಿ ಏನೂ ಇಲ್ಲವೆಂಬುದು ಲಹರಿಗೂ ನನಗೂ ಮಾತ್ರ ಗೊತ್ತು. ಅವಳ ಬಾಯಿ ಮುಚ್ಚಿಸಿದ್ದೇನೆ. ಉಳಿದ ಎಲ್ಲರಿಗೂ, ಪಾರ್ವತಿಯ ಬಾಯಿಯಲ್ಲಿ ಏನೋ ಸ್ವಲ್ಪ ಇದೆ, ಮೂರು ತಿಂಗಳಿಗೊಮ್ಮೆ ಅವಳನ್ನೂ ತೋರಿಸಬೇಕು ಎಂದು ಹೇಳಿದ್ದೇನೆ. ಸಾವಿತ್ರಿಬಾಯಿ ನಿನಗಾಗಿ ಹರಕೆ ಹೊತ್ತಿದ್ದಾಳೆ. ಅವಳಿಗೆ ನೀನೇ ಉತ್ತರ ಹೇಳಿಕೋ.

ಫೆಬ್ರವರಿ ಮೂರನೆಯ ವಾರ ನನ್ನ ತಪಾಸಣೆ. ಬಸವರಾಜ ಡಾಕ್ಟರು ಬಾಯಿಯೊಳಗೆ ಬೆಳಕು ಬಿಡುತ್ತಾನೆ. ಆಮೇಲೆ ಏನೂ ಮಾತಾಡದೆ ನೋಡುತ್ತಾನೆ. ಬಹಳ ಹೊತ್ತು ನೋಡುತ್ತಾನೆ. ಆ ಹೊತ್ತು ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ. ಲಹರಿ ಬಂದರೆ ನಾನು ಅವಳ ಮುಖವನ್ನೇ ನೋಡುತ್ತಿರಬೇಕಾಗುತ್ತದೆ, ಅವಳಿಗೆ ಎಲ್ಲವೂ ತಿಳಿಯುತ್ತದೆ. ನಿನಗೆ ಏನೂ ತಿಳಿಯುವುದಿಲ್ಲ. ನಿನ್ನ ಮುಖ ಸಾಕು.

ಆಸ್ಪತ್ರೆಗೆ ಒಬ್ಬಳೇ ಹೋಗಲು ಪಾರ್ವತಿಗೆ ಹೆದರಿಕೆ, ಅದಕ್ಕೆ ಪ್ರತಿ ಸಲವೂ ನಾನು ಅವಳ ಜೊತೆಗೆ ಹೋಗಬೇಕು ಎಂದು ಮನೆಯಲ್ಲಿ ಹೇಳಿದ್ದೇನೆ. ಹಿಂದಿನ ದಿನವೇ ಬಾ.

ನಿನ್ನ ಅಕ್ಕ
ಗಂಗಾಬಾಯಿ